ಆರು ಮಂದಿ ಪಕ್ಕಾ

“ಚೂಲ್ ಬಂದ್ ಅದ ನೋಡು ಬೇಟಾ. ಆದಿತ್ಯವಾರ ಮಧ್ಯಾಹ್ನ ನಮ್ಮ ಶಾಹೀನನ ಲಗ್ನ. ಮನಿ ಮಂದಿ ಎಲ್ಲಾರೂ ಬರಬೇಕು,” ಎಂದರು ಜೈತುನಬಿ, ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಡುತ್ತಾ. “ಎಲ್ಲಿ, ನಿಮ್ಮವ್ವ ಎಲ್ಲಿ?”

“ಹೊಲಕ್ಕ ಹೋಗ್ಯಾಳ್ರಿ ದಾದಿ. ತೊಗರಿ ಕೊಯ್ಯಾಕತ್ತಾರ.”

“ನಿಮ್ಮ ಆಯಿ?”

“ಮೊಣಕಾಲು ತೋರಿಸಾಕ ದವಾಖಾನಿಗಿ ಹೋಗ್ಯಾಳ. ಮನ್ಯಾಗ ನಾನೇ ಅದೀನಿ, ಹೇಳ್ರಿ,” ಎಂದಳು ನಾಗರತ್ನಾ. ಆ ಮನೆಗೆ ತಾನೇ ಯಜಮಾನಿ ಎಂಬಂತೆ ಸೊಂಟದ ಮೇಲೆ ಕೈ ಬೇರೆ ಇಟ್ಟುಕೊಂಡಿದ್ದಳು.

ಜೈತುನಬಿಯ ಪಕ್ಕದಲ್ಲಿ ಅವರ ಮೊಮ್ಮಗಳು ಮಿನಾಜ ನಿಂತಿದ್ದಳು. ಮಿನಾಜ ಮತ್ತು ನಾಗರತ್ನಾ ನರೋಣಾದ ಶಾಲೆಯಲ್ಲಿ ಐದನೆಯ ಕ್ಲಾಸು, ಒಂದೇ ಬೆಂಚು. ಮದುಮಗಳು ಶಾಹೀನ ಮಿನಾಜಳ ಅಕ್ಕ. ಹಾಗಾಗಿ ಮಿನಾಜಳಿಗೆ ಆ ದಿನ ಬಹಳ ದೊಡ್ಡ ಕೆಲಸ ಸಿಕ್ಕಿತ್ತು. ಕೈಯಲ್ಲಿ ಉದ್ದನೆಯ ಲಿಸ್ಟು, ಕಿವಿಯ ಹಿಂದೆ ಪೆನ್ನು. ದಾದಿ ಮನೆ ಮನೆಗೆ ಹೋಗಿ ಕರೆಯುವುದು, ಮಿನಾಜ ಬರುವವರ ಹೆಸರಿನ ಮುಂದೆ ಟಿಕ್ ಹಾಕುವುದು.

ಚೂಲ್ ಬಂದ್ ಎಂದರೆ ಏನೆಂದು ನರೋಣಾದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲವರು ‘ಮನಿಗೊಬ್ಬರು ಬರ್ರಿ’ ಎಂದು ಕರೆಯುತ್ತಾರೆ. ಆಗ ಒಬ್ಬರು ಹೋಗಿ ಉಂಡು ಬಂದರೆ ಸಾಕು. ಆದರೆ ಚೂಲ್ ಬಂದ್ ಎಂದು ಕರೆದರೆ ಆ ದಿನ ಮನೆಯಲ್ಲಿ ಒಲೆಯನ್ನೇ ಹಚ್ಚಬಾರದು. ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಊಟವೂ ಅಲ್ಲೇ. ತೀರ ಬೇಕಾದವರನ್ನು ಮಾತ್ರ ಹಾಗೆ ಕರೆಯುತ್ತಾರೆ.

ಜೈತುನಬಿ ಜರಿಯ ಬಟ್ಟೆ ಸರಿಸಿ ತಾಟು ಮುಂದೆ ಹಿಡಿದರು. ಅದರ ತುಂಬ ಬೆಳ್ಳಿ ಕಾಗದ ಸುತ್ತಿದ ಯಾಲಕ್ಕಿ ಮಿರಿಮಿರಿ ಹೊಳೆಯುತ್ತಿದ್ದವು.

ನಾಗರತ್ನಾ ಎಂದೂ ತಡ ಮಾಡುವವಳಲ್ಲ. ಕ್ಲಾಸಿನಲ್ಲಿ ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಅವಳ ಕೈ ಮೇಲೆ ಇರುತ್ತದೆ. ಉತ್ತರ ಸರಿಯೋ ತಪ್ಪೋ, ಅದು ಆಮೇಲಿನ ಮಾತು. ಈಗಲೂ ಹಾಗೆಯೇ. ಒಂದು ಯಾಲಕ್ಕಿ ತೆಗೆದಳು, ಕಾಗದ ಬಿಚ್ಚಿದಳು, ಬಾಯಿಗೆ ಹಾಕಿಕೊಂಡು ಕಟುಂ ಎನ್ನಿಸಿದಳು.

“ಬರ್ತೀವ್ರಿ ದಾದಿ! ಎಲ್ಲಾರೂ ಬರ್ತೀವಿ. ಆರು ಮಂದಿ ಪಕ್ಕಾ!”

ಜೈತುನಬಿಯ ಮುಖ ಅರಳಿತು. ನಾಗರತ್ನಾಳ ಕೆನ್ನೆ ಸವರಿ, ತಮ್ಮ ಹಣೆಗೆ ಬೆರಳು ಒತ್ತಿ ಲಟಕ್ ಎನ್ನಿಸಿ ದೃಷ್ಟಿ ತೆಗೆದರು. ಮಿನಾಜ ಗೋಡೆಗೆ ಲಿಸ್ಟು ಒತ್ತಿ ಹಿಡಿದು ಇಷ್ಟು ದಪ್ಪ ಟಿಕ್ ಹಾಕಿದಳು. ಪಕ್ಕದಲ್ಲಿ ‘6’ ಎಂದು ಬರೆದು ಸುತ್ತ ದುಂಡಗೆ ಗೋಲು ಹೊಡೆದಳು.

ಆ ಬುಧವಾರ ನಾಗರತ್ನಾಳಿಗೆ ತನ್ನ ಮೇಲೆ ಬಹಳ ಅಭಿಮಾನ ಬಂದಿತ್ತು. ದೊಡ್ಡವರು ಯಾರೂ ಇಲ್ಲದಾಗ ಮನೆಯ ಮರ್ಯಾದೆ ಕಾಪಾಡಿದವಳು ಯಾರು? ತಾನೇ ಅಲ್ಲವೇ!

ಸಂಜೆ ಅವ್ವ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾಗ ನಾಗರತ್ನಾ ಎಲ್ಲವನ್ನೂ ಹೇಳಿದಳು. ತಾಟು, ಬೆಳ್ಳಿ ಕಾಗದ, ಗೋಲು ಹೊಡೆದ ಆರು, ಒಂದನ್ನೂ ಬಿಡಲಿಲ್ಲ. ಅವ್ವ ತಂಬಿಗೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

“ಯಾವತ್ತು ಅಂದಿ?”

“ಆದಿತ್ಯವಾರ.”

“ಆದಿತ್ಯವಾರ ನಾವು ಎಲ್ಲಿ ಹೋಗ್ತೇವಿ?”

ನಾಗರತ್ನಾ ನಾಲಗೆ ಕಚ್ಚಿಕೊಂಡಳು. ಆದಿತ್ಯವಾರ ಗೊಬ್ಬೂರಿಗೆ ಹೋಗುವುದಿತ್ತು! ಅಲ್ಲಿ ಅವಳ ಸೋದರಮಾವನ ಕೂಸಿನ ತೊಟ್ಟಿಲು. ತಿಂಗಳಿನಿಂದ ಅವಳು ದಿನ ಎಣಿಸುತ್ತಿದ್ದಳು. ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಯಾಲಕ್ಕಿ ಕಣ್ಣ ಮುಂದೆ ಬಂದಾಗ ಗೊಬ್ಬೂರ ತಲೆಯಿಂದ ಎಲ್ಲಿ ಜಾರಿಹೋಯಿತೋ, ಆ ದೇವರಿಗೇ ಗೊತ್ತು.

ತೊಟ್ಟಿಲು ಎಂದರೆ ಹೆಸರಿಡುವ ದಿನ. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವವಳು ಅಪ್ಪನ ಅಕ್ಕ ಅಥವಾ ತಂಗಿ. ಈ ಕೂಸಿಗೆ ಇರುವವಳು ಒಬ್ಬಳೇ ಸೋದರತ್ತೆ, ನಾಗರತ್ನಾಳ ಅವ್ವ. ಅವಳು ಹೋಗದಿದ್ದರೆ ಹೆಸರಿಡುವವರಾರು? ಅಷ್ಟೇ ಅಲ್ಲ. ಹೆಸರು ಹುಡುಕಿದವಳು ನಾಗರತ್ನಾ. ಸಮರ್ಥ ಎಂಬ ಹೆಸರನ್ನು ಅವಳೇ ಆರಿಸಿದ್ದಳು, ಎಲ್ಲರೂ ಒಪ್ಪಿದ್ದರು. ‘ನೀ ನನ್ನ ಬಾಜೂಕ ಕುಂದ್ರು, ಇಬ್ಬರೂ ಕೂಡಿ ಹೇಳೂಣು’ ಎಂದು ಅವ್ವ ಮಾತು ಕೊಟ್ಟಿದ್ದಳು. ಸಾಲದ್ದಕ್ಕೆ ಹಳದಿ ಫ್ರಾಕು ಹೊಲಿಸಿದ್ದಾಗಿತ್ತು. ಕಾಕಾನ ಟಂಟಂ ಆಟೋದಲ್ಲಿ ಅಪ್ಪ, ಅವ್ವ, ಆಯಿ, ಕಾಕಾ, ತಮ್ಮ, ತಾನು, ಹೀಗೆ ಆರೂ ಜನ ಬೆಳಗ್ಗೆ ಏಳಕ್ಕೆ ಹೊರಡುವುದೂ ಗಟ್ಟಿಯಾಗಿತ್ತು.

“ಇರ್ಲಿ ಬಿಡು,” ಎಂದ ಅಪ್ಪ, ಫೋನು ತೆಗೆಯುತ್ತಾ. “ಕರೀಮಸಾಬಗ ವಾಟ್ಸ್ಯಾಪ್ ಹಾಕ್ತೇನಿ. ಬರೂದು ಆಗಂಗಿಲ್ಲ ಅಂತ ಬರದು ಎರಡು ಕೈ ಮುಗಿಯೂದು ಹಾಕಿದ್ರಾತು.” ಕರೀಮಸಾಬ ಎಂದರೆ ಮಿನಾಜಳ ಅಪ್ಪ.

ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಆಯಿ ತಲೆ ಎತ್ತಿದಳು. ಆಯಿ ಎಂದರೆ ಅಪ್ಪನ ತಾಯಿ, ಹೆಸರು ಗುರಮ್ಮ. ಅವಳು ಮಾತಾಡುವುದು ಕಡಿಮೆ, ಮಾತಾಡಿದರೆ ಅಪ್ಪನೂ ಸುಮ್ಮನಾಗುತ್ತಾನೆ.

“ಆ ಮುದುಕಿ ಮೊಣಕಾಲು ಹಿಡ್ಕೊಂಡು ಮನಿ ಮನಿ ತಿರುಗ್ಯಾಳ. ನೀ ಕುಂತಲ್ಲೇ ಹೆಬ್ಬಟ್ಟಿಲೆ ಜವಾಬು ಕೊಡ್ತಿ ಏನು?” ಎಂದಳು ಆಯಿ. ಆಮೇಲೆ ನಾಗರತ್ನಾಳ ಕಡೆ ತಿರುಗಿದಳು. “ಯಾಲಕ್ಕಿ ಎಲ್ಲದ?”

“ತಿಂದೆ ಆಯಿ.”

“ತಿಂದ್ಯಾ! ಅಯ್ಯ ಶಿವನೇ!”

“ಯಾಕ, ತಿನ್ನಬಾರದಿತ್ತೇನು? ಕೊಟ್ಟಿದ್ದು ತಿನ್ನಾಕ ಅಲ್ಲೇನು?”

“ಹೋಗೂದು ಪಕ್ಕಾ ಇದ್ರ ತಿನ್ನಬೇಕು. ಆಗಂಗಿಲ್ಲ ಅಂದ್ರ ತಗೊಂಡು, ಕಣ್ಣಿಗಿ ಒತ್ತಿಕೊಂಡು, ತಿರುಗಿ ತಾಟಿನ್ಯಾಗ ಇಡಬೇಕು. ಕರದವರಿಗಿ ಬ್ಯಾಸರ ಆಗಂಗಿಲ್ಲ, ಲೆಕ್ಕನೂ ತಪ್ಪಂಗಿಲ್ಲ. ಗೊತ್ತಾಗಲಿಲ್ಲ ಅಂದ್ರ ‘ಅವ್ವ ಬರ್ಲಿ, ಕೇಳಿ ಹೇಳ್ತೇನಿ’ ಅಂತ ಅನ್ನಬೇಕಿತ್ತು. ತಿಂದಿ ಅಂದ್ರ ಮಾತು ಕೊಟ್ಟಂಗ.”

ನಾಗರತ್ನಾ ನಾಲಗೆಯಿಂದ ಹಲ್ಲು ಸವರಿಕೊಂಡಳು. ಯಾಲಕ್ಕಿ ಯಾವಾಗಲೋ ಹೊಟ್ಟೆಗೆ ಹೋಗಿತ್ತು. ಈಗ ಏನು ಮಾಡಿದರೂ ವಾಪಸು ಬರುವಂತಿರಲಿಲ್ಲ.

“ಯಾರು ತಿಂದಾರೋ ಅವರೇ ಹೋಗಿ ಹೇಳ್ಬೇಕು,” ಎಂದು ಹೇಳಿ ಆಯಿ ಮತ್ತೆ ಎಣ್ಣೆ ತಿಕ್ಕಿಕೊಳ್ಳತೊಡಗಿದಳು.

ಹೇಳುತ್ತೇನೆ, ಅದೇನು ಮಹಾ ಎಂದುಕೊಂಡಳು ನಾಗರತ್ನಾ. ನಾಳೆ ಶಾಲೆಯಲ್ಲಿ ಮಿನಾಜಳಿಗೆ ಹೇಳಿದರೆ ಮುಗಿಯಿತು. ನೂರಾರು ಜನ ಬರುವ ಲಗ್ನ. ಆರು ಜನ ಕಡಿಮೆಯಾದರೆ ಬಿರಿಯಾನಿಯ ಹಂಡೆಗೇನು ಗೊತ್ತಾಗುತ್ತದೆ?

ಆದರೆ ಮರುದಿನ ಬೆಂಚಿನಲ್ಲಿ ಕುಳಿತದ್ದೇ ತಡ, ಮಿನಾಜಳೇ ಶುರುಮಾಡಿದಳು.

“ಏ, ನಿನಗೊಂದು ವಿಷಯ ಹೇಳ್ಬೇಕು! ಕಡಗಂಚಿಯಿಂದ ದೊಡ್ಡಪ್ಪ ಮುತ್ಯಾ ಬರಾಕತ್ತಾರ!”

“ಯಾವ ದೊಡ್ಡಪ್ಪ ಮುತ್ಯಾ?”

“ಅಡಗಿ ಮುತ್ಯಾ ಬೇ! ನಿಮ್ಮ ಮಂದಿ ಲಗ್ನದಾಗೆಲ್ಲಾ ಹೋಳಿಗಿ ಮಾಡ್ತಾರಲ್ಲ, ಅವರು. ನೀವು ಮಟನ್ ತಿನ್ನಂಗಿಲ್ಲ, ಹೌದಿಲ್ಲೋ? ಅದಕ್ಕ ನಿಮ್ಮ ಸಲುವಾಗಿ ಹಿತ್ತಲದಾಗ ಬ್ಯಾರೆ ಒಲಿ, ಬ್ಯಾರೆ ಬೋಗಾಣಿ. ಎಲ್ಲಾ ಹೊಸಾದು!”

“ನಮ್ಮೊಬ್ಬರ ಸಲುವಾಗಿ?”

“ಹೂಂ ಮತ್ತ. ನಿಮ್ಮ ಓಣ್ಯಾಗ ಐದು ಮನಿಗಿ ಹೇಳಿದ್ವಿ. ನಾಕು ಮನಿಯವರು ರಾಶಿ ಮಷೀನ್ ಬರ್ತದ, ಊಟಕ್ಕ ಆಗಂಗಿಲ್ಲ, ಸಂಜಿಕಡೆ ಬಂದು ಹೋಗ್ತೇವಿ ಅಂತ ಯಾಲಕ್ಕಿ ವಾಪಸ್ ಇಟ್ರು. ನಮ್ಮ ಅಬ್ಬಾ ದಾದಿಗಿ ಅಂದ, ಹಂಗಾದ್ರ ಬ್ಯಾರೆ ಅಡಗಿ ಬ್ಯಾಡ ಬಿಡು ಅಂತ. ಅಷ್ಟರಾಗ ನೀ ತಿಂದಿಯಲ್ಲ! ದಾದಿಗಿ ಎಷ್ಟು ಖುಷಿ ಆಗ್ಯಾದ ಗೊತ್ತೇನು? ಆರು ಮಂದಿ ಬರ್ತಾರ, ಮಾಡಾಕೇ ಬೇಕು ಅಂತ ಜಿದ್ದು ಹಿಡದಾಳ.”

ನಾಗರತ್ನಾ ಹೇಳಬೇಕೆಂದುಕೊಂಡಿದ್ದ ಮಾತು ನಾಲಗೆಯ ತುದಿಯವರೆಗೆ ಬಂದು ಅಲ್ಲೇ ಕುಳಿತುಕೊಂಡಿತು. ಮಿನಾಜ ಹಿಂದಿನ ಬೆಂಚಿನ ಫರಹೀನಳಿಗೂ ತಿರುಗಿ ಹೇಳಿದಳು, “ನಮ್ಮ ನಾಗರತ್ನಾನ ಮನಿಯವರು ಚೂಲ್ ಬಂದ್ ಬರಾಕತ್ತಾರ!” ಎಂದೂ ಬಾಯಿ ಮುಚ್ಚದ ನಾಗರತ್ನಾ ಆ ಗುರುವಾರ ಇಡೀ ದಿನ ನೋಟ್‌ಬುಕ್ಕಿನ ಮೂಲೆಯಲ್ಲಿ ಗೆರೆ ಎಳೆಯುತ್ತ ಕುಳಿತಿದ್ದಳು.

ಆದರೆ ನಾಗರತ್ನಾ ಅಷ್ಟಕ್ಕೆ ಸೋಲುವವಳೇ? ಶಾಲೆಯ ಗಂಟೆ ಹೊಡೆಯುವಷ್ಟರಲ್ಲಿ ಅವಳಿಗೆ ಒಂದು ಐಡಿಯಾ ಬಂದಿತ್ತು. ಭಾರೀ ಐಡಿಯಾ! ಬೇಕಾಗಿರುವುದು ಆರು ಮಂದಿ. ತಾವು ಆರು ಮಂದಿ ಹೋಗಲಿಕ್ಕೆ ಆಗದಿದ್ದರೆ ಬೇರೆ ಆರು ಮಂದಿಯನ್ನು ಕಳಿಸಿದರಾಯಿತು. ಅಡುಗೆ ವ್ಯರ್ಥವಾಗುವುದಿಲ್ಲ, ದಾದಿಗೂ ಬೇಸರವಿಲ್ಲ, ತನಗೆ ಗೊಬ್ಬೂರವೂ ತಪ್ಪುವುದಿಲ್ಲ.

ಅವಳು ನೇರ ಕಲ್ಯಾಣಕುಮಾರನ ಮನೆಗೆ ಓಡಿದಳು. ಅವನೂ ಅದೇ ಓಣಿಯ ಹುಡುಗ, ಅದೇ ಕ್ಲಾಸು. ಅವರ ಮನೆಯಲ್ಲೂ ಸರಿಯಾಗಿ ಆರು ಜನ.

“ಕಲ್ಯಾಣ್ಯಾ, ಆದಿತ್ಯವಾರ ಮಿನಾಜನ ಮನಿಗಿ ಊಟಕ್ಕ ಹೋಗ್ತೀರೇನು? ಹೋಳಿಗಿ ಇರ್ತಾವ.”

“ನಮ್ಮವ್ವ ಯಾಲಕ್ಕಿ ವಾಪಸ್ ಇಟ್ಟಾಳ. ರಾಶಿ ಅದ.”

“ನಿಮ್ಮ ಹೆಸರಿಲೆ ಅಲ್ಲೋ. ನಮ್ಮ ಹೆಸರಿಲೆ ಹೋಗ್ರಿ. ನಮ್ಮ ಆರು ಜಾಗಾ ಖಾಲಿ ಅದಾವ.”

ಕಲ್ಯಾಣಕುಮಾರ ಪೇರಲ ಹಣ್ಣು ಕಚ್ಚುವುದನ್ನು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

“ನಿಮ್ಮನ್ನ ಕರದಾರ, ನಾವು ಹೋಗಿ ಕುಂದ್ರಬೇಕಾ? ಅದೇನು ಬಸ್ ಸೀಟೇನು, ಕರ್ಚೀಫ್ ಹಾಕಿ ಹಿಡ್ಯಾಕ?”

“ಊಟ ಯಾರು ಮಾಡಿದ್ರೇನೋ?”

“ಯಾರು ಮಾಡಿದ್ರೇನು ಅಂದ್ರ? ನಾಳೆ ನಿನ್ನ ಬರ್ತ್‌ಡೇಕ್ಕ ಮಿನಾಜನ್ನ ಕರದಿ ಅಂತ ತಿಳ್ಕೋ. ಆಕಿ ಬರ್ಲಾರದ ತಮ್ಮ ಓಣ್ಯಾಗಿನ ಯಾರನ್ನೋ ಕಳಿಸಿದ್ರ ನಿನಗ ನಡೀತದೇನು?”

ಕಲ್ಯಾಣ್ಯಾನಂಥ ಕಲ್ಯಾಣ್ಯಾನ ಮುಂದೆ ಸೋತೆನಲ್ಲ ಎಂದು ನಾಗರತ್ನಾಳಿಗೆ ಸಿಟ್ಟು ಬಂತು. ಅವನ ಕೈಯಲ್ಲಿದ್ದ ಪೇರಲ ಕಿತ್ತುಕೊಂಡು ಒಂದು ಸಲ ಕಚ್ಚಿ ವಾಪಸು ಕೊಟ್ಟು ಮನೆಗೆ ನಡೆದಳು.

ಶುಕ್ರವಾರ ಸಂಜೆ ಅವಳು ಮಿನಾಜಳ ಮನೆಗೆ ಒಬ್ಬಳೇ ಹೊರಟಳು. ‘ನಾ ಬರ್ಲೇನು?’ ಎಂದು ಅವ್ವ ಕೇಳಿದ್ದಳು. ‘ಬ್ಯಾಡ, ತಿಂದಾಕಿ ನಾ’ ಎಂದಿದ್ದಳು ನಾಗರತ್ನಾ. ಮನೆಯಲ್ಲಿ ಹಾಗೆ ಜೋರಾಗಿ ಹೇಳಿದ್ದೇನೋ ನಿಜ. ಆ ಓಣಿಗೆ ತಿರುಗುತ್ತಲೇ ಕಾಲು ನಿಧಾನವಾದವು.

ಮನೆಯ ಮುಂದೆ ಶಾಮಿಯಾನದ ಕಂಬ ನೆಟ್ಟಿದ್ದರು. ಒಳಗೆ ಹೆಂಗಸರು ಅಕ್ಕಿ ಹಸನು ಮಾಡುತ್ತಾ ನಗುತ್ತಿದ್ದರು. ಶಾಹೀನಕ್ಕನ ಕೈಗೆ ಅರಿಶಿನ ಹಚ್ಚಿತ್ತು. “ಹಿತ್ತಲಕ್ಕ ಬಾ, ನಿಮ್ಮ ಒಲಿ ತೋರಿಸ್ತೇನಿ!” ಎಂದು ಮಿನಾಜ ಅವಳ ಕೈ ಹಿಡಿದು ಎಳೆದುಕೊಂಡೇ ಹೋದಳು.

ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನೆಲ ಸಾರಿಸಿ ರಂಗೋಲಿಯನ್ನೂ ಎಳೆದಿದ್ದರು. ಬಿಳಿ ಧೋತರದ ಮುದುಕರೊಬ್ಬರು ಮೂರು ಕಲ್ಲು ಇಟ್ಟು, ಕಣ್ಣು ಕಿರಿದು ಮಾಡಿ, ಒಲೆ ಸಮ ಇದೆಯೋ ಇಲ್ಲವೋ ನೋಡುತ್ತಿದ್ದರು. ದೊಡ್ಡಪ್ಪ ಮುತ್ಯಾ ಅವರೇ ಎಂದು ಹೇಳಬೇಕಾಗಿರಲಿಲ್ಲ. ಪಕ್ಕದಲ್ಲಿ ಲೇಬಲ್ ಕೂಡ ಕೀಳದ ಹೊಸ ಬೋಗಾಣಿಗಳು. ಜೈತುನಬಿ ಮಂಚದ ಮೇಲೆ ಕುಳಿತು ಬೆಲ್ಲ ಪುಡಿ ಮಾಡುತ್ತಿದ್ದರು.

ಇದನ್ನೆಲ್ಲ ನೋಡಿ ನಾಗರತ್ನಾಳಿಗೆ ಅಳುವೇ ಬಂತು. ಆದರೆ ಅಳಲಿಕ್ಕೆ ಬಂದವಳಲ್ಲವಲ್ಲ ಅವಳು. ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಟೀಚರ್ ಮುಂದೆ ಪದ್ಯ ಹೇಳುವಾಗ ನಿಲ್ಲುವಂತೆ ನಿಂತಳು.

“ದಾದಿ, ನಾ ಅವತ್ತು ಯಾರನ್ನೂ ಕೇಳ್ಲಾರದ ಬರ್ತೇವಿ ಅಂದೆ. ತಪ್ಪಾತ್ರಿ. ಆದಿತ್ಯವಾರ ಗೊಬ್ಬೂರದಾಗ ನಮ್ಮ ಮಾಮಾನ ಕೂಸಿನ ತೊಟ್ಟಿಲ ಅದ. ಅವ್ವನೇ ಹೆಸರಿಡಬೇಕು. ನಮಗ ಬರೂದು ಆಗಂಗಿಲ್ಲ.”

ಜೈತುನಬಿಯ ಕೈಯಲ್ಲಿದ್ದ ಬೆಲ್ಲದ ಹೆಂಟೆ ಅಲ್ಲೇ ನಿಂತಿತು. ದೊಡ್ಡಪ್ಪ ಮುತ್ಯಾ ತಿರುಗಿ ನೋಡಿದರು.

ಮೊದಲು ಮಾತಾಡಿದವಳು ಮಿನಾಜ. “ನಿನ್ನಿ ನಾ ಅಷ್ಟೆಲ್ಲಾ ಹೇಳುವಾಗ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಗೊತ್ತಿದ್ದೂ ಬಾಯಿ ಮುಚ್ಕೊಂಡು ಕುಂತಿದ್ದಿ! ಫರಹೀನಗ ಹೇಳಿದೆ, ಎಲ್ಲಾರಿಗೂ ಹೇಳಿದೆ! ನೀ ನನ್ನ ದೋಸ್ತ್ ಅಲ್ಲೇ ಅಲ್ಲ, ಹೋಗು!” ಮಿನಾಜ ಒಳಗೆ ಓಡಿ ಲಿಸ್ಟು ತಂದಳು. ನಾಗರತ್ನಾಳ ಎದುರಿಗೇ ಆ ಗೋಲು ಹೊಡೆದ ಆರರ ಮೇಲೆ ಪೆನ್ನು ಎಳೆದಳು. ಕಾಗದ ಪರ್ರೆಂದು ಹರಿಯಿತು.

“ಮಿನಾಜ!” ಎಂದು ಗದರಿದರು ಜೈತುನಬಿ. ನಂತರ ನಾಗರತ್ನಾಳನ್ನು ನೋಡಿ ನಿಧಾನವಾಗಿ ಹೇಳಿದರು, “ಸೋದರತ್ತಿ ಇಲ್ಲದ ತೊಟ್ಟಿಲ ಹ್ಯಾಂಗ ಆಗ್ತದವ್ವ? ನಿಮ್ಮವ್ವ ಹೋಗಾಕೇ ಬೇಕು. ನೀ ಬಂದು ಹೇಳ್ದಿ, ಆತು.” ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾಗರತ್ನಾಳಿಗೆ ಎಷ್ಟೋ ಹಗುರಾಗುತ್ತಿತ್ತು. “ದೊಡ್ಡಪ್ಪ, ಇನ್ನ ಬ್ಯಾಡ ಬಿಡ್ರಿ. ಸುಮ್ಮನ ತ್ರಾಸ ಕೊಟ್ವಿ ನಿಮಗ.”

ದೊಡ್ಡಪ್ಪ ಮುತ್ಯಾ ಒಲೆಯ ಕಡೆ ತಿರುಗಿದರು. ಬಗ್ಗಿ ಮೊದಲನೆಯ ಕಲ್ಲನ್ನು ಎತ್ತಿ ಗೋಡೆಯ ಕಡೆಗೆ ಇಟ್ಟರು. ಎರಡನೆಯದನ್ನು ಎತ್ತಿದರು.

ನಾಗರತ್ನಾ ಹಿತ್ತಲ ಬಾಗಿಲವರೆಗೆ ನಡೆದಿದ್ದಳು. ಕೆಲಸ ಮುಗಿದಿತ್ತು. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಇನ್ನು ಮನೆಗೆ ಹೋಗಿ ಹಳದಿ ಫ್ರಾಕಿಗೆ ಇಸ್ತ್ರಿ ಮಾಡಿಸಿಕೊಳ್ಳಬಹುದಿತ್ತು. ಆದರೆ ಹಿಂದೆ ಕಲ್ಲು ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಅವಳು ಹೊಸ್ತಿಲ ಮೇಲೆ ನಿಂತಳು. ಗೊಬ್ಬೂರದ ತೊಟ್ಟಿಲು ನೆನಪಾಯಿತು. ಕೂಸಿನ ಸಣ್ಣ ಕಿವಿ ನೆನಪಾಯಿತು.

ನಂತರ ತಿರುಗಿದಳು.

“ಮುತ್ಯಾ, ತಡೀರಿ! ಕಲ್ಲು ತೆಗೀಬ್ಯಾಡ್ರಿ. ನಾ ಬರ್ತೇನಿ.”

“ನೀ ಒಬ್ಬಾಕಿ?” ಎಂದರು ಜೈತುನಬಿ.

“ಹೌದ್ರಿ. ಅವ್ವ ಹೋಗಾಕೇ ಬೇಕು, ನಾ ಹೋಗಾಕೇ ಬೇಕಂತ ಏನಿಲ್ಲ. ಇನ್ನೊಬ್ಬರು ಬರಬಹುದು. ಆದ್ರ ಅದನ್ನ ಕೇಳಿ ಬಂದು ಹೇಳ್ತೇನಿ. ಒಂದು ಮಾತ್ರ ಪಕ್ಕಾ.”

ದೊಡ್ಡಪ್ಪ ಮುತ್ಯಾ ಕೈಯಲ್ಲಿ ಕಲ್ಲು ಹಿಡಿದೇ ಜೈತುನಬಿಯನ್ನು ನೋಡಿದರು. ಜೈತುನಬಿ ಅವರನ್ನು ನೋಡಿದರು. ಮುತ್ಯಾ ಕಲ್ಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು.

ಮಿನಾಜ ಮಾತ್ರ ಮುಖ ತಿರುಗಿಸಿಕೊಂಡೇ ಇದ್ದಳು.

ಮನೆಯಲ್ಲಿ ನಾಗರತ್ನಾ ಎಲ್ಲವನ್ನೂ ಹೇಳಿದಾಗ ಅವ್ವ ಅವಳನ್ನು ಹತ್ತಿರ ಎಳೆದುಕೊಂಡಳು. “ಹೆಸರು ನೀ ಹೇಳಬೇಕು ಅಂತಿದ್ದಿಯಲ್ಲವ್ವ?” ಎಂದಳು.

“ನೀನೇ ಹೇಳು. ಜೋರಾಗಿ ಹೇಳು, ಕೂಸಿಗಿ ಕೇಳಿಸ್ಬೇಕು,” ಎಂದಳು ನಾಗರತ್ನಾ. ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಚೆನ್ನಾಗಿ ಅತ್ತಳು. ಫ್ರಾಕಿಗಾಗಿ ಅತ್ತಳು, ಕೂಸಿಗಾಗಿ ಅತ್ತಳು, ಮಿನಾಜ ಬೈದದ್ದಕ್ಕಾಗಿ ಎಲ್ಲಕ್ಕಿಂತ ಹೆಚ್ಚು ಅತ್ತಳು.

ಅವಳ ಅಳು ಮುಗಿಯುವವರೆಗೆ ಆಯಿ ಕಾದಳು. ಆಮೇಲೆ ಗೋಡೆ ಹಿಡಿದು ಎದ್ದು ಬಡಿಗೆ ಕೈಗೆ ತೆಗೆದುಕೊಂಡಳು.

“ನನಗ ಟಂಟಂದಾಗ ಅಷ್ಟು ದೂರ ಕುಂದ್ರಾಕ ಆಗಂಗಿಲ್ಲವ್ವ. ಎರಡನೇದಾಕಿ ನಾ. ನಡಿ, ಜೈತುನಬಿಗಿ ಹೇಳಿ ಬರೂಣು.”

“ನಾನೇ ಹೋಗಿ ಹೇಳ್ತೇನಿ ಆಯಿ. ನಿನ್ನ ಮೊಣಕಾಲು?”

“ಮೊಣಕಾಲು ಆಕಿಗೂ ಅದಾವ. ಆಕಿ ಬಂದಿಲ್ಲೇನು?”

ಅಜ್ಜಿ ಮೊಮ್ಮಗಳು ನಿಧಾನವಾಗಿ ನಡೆದು ಹೋಗಿ ಹೇಳಿ ಬಂದರು. ಎರಡು ಓಣಿಯ ದಾರಿಗೆ ಅರ್ಧ ತಾಸು ಹಿಡಿಯಿತು.

ಶನಿವಾರ ಶಾಲೆಯಲ್ಲಿ ಮಿನಾಜ ಫರಹೀನಳ ಬೆಂಚಿಗೆ ಹೋಗಿ ಕುಳಿತಳು. ನಾಗರತ್ನಾ ಎರಡು ಸಲ ರಬ್ಬರ್ ಕೇಳುವ ನೆಪ ಮಾಡಿದಳು. ಎರಡು ಸಲವೂ ರಬ್ಬರ್ ಬಂತು, ಮಾತು ಬರಲಿಲ್ಲ.

ಆದಿತ್ಯವಾರ ಬೆಳಗ್ಗೆ ಟಂಟಂ ಗೊಬ್ಬೂರಿಗೆ ಹೊರಟಿತು. ಹಿಂದಿನ ಸೀಟಿನಿಂದ ಅವಳ ತಮ್ಮ ಕೈ ಬೀಸಿದ. ನಾಗರತ್ನಾಳೂ ಬೀಸಿದಳು. ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಧ್ಯಾಹ್ನ ಅದೇ ಹಳದಿ ಫ್ರಾಕು ಹಾಕಿಕೊಂಡು ಆಯಿಯ ಕೈ ಹಿಡಿದು ಲಗ್ನಕ್ಕೆ ಹೋದಳು.

ಶಾಮಿಯಾನದ ಕೆಳಗೆ ಜನವೋ ಜನ. ಕರೀಮಸಾಬರು ಬೆವರು ಒರೆಸಿಕೊಳ್ಳುತ್ತ ಅತ್ತ ಇತ್ತ ಓಡಾಡುತ್ತಿದ್ದರು. ಇವರಿಬ್ಬರನ್ನು ಕಂಡು ಅಷ್ಟು ಗದ್ದಲದಲ್ಲೂ ನಿಂತರು. “ಬರ್ರಿ ಆಯಿ, ಬರ್ರಿ! ಹಿತ್ತಲಕ್ಕ ನಡೀರಿ, ನಿಮ್ಮ ಹಾದಿನೇ ಕಾಯಾಕತ್ತಾರ,” ಎಂದರು.

ಬೇವಿನ ಮರದ ಕೆಳಗೆ ಒಂದು ಜಮಖಾನ, ಅದರ ಮುಂದೆ ಎರಡೇ ತಾಟು. ಮೂರು ಕಲ್ಲಿನ ಒಲೆಯಲ್ಲಿ ಕೆಂಡ ಇನ್ನೂ ಬೆಳಗುತ್ತಿತ್ತು. ಮೊಮ್ಮಗಳ ಲಗ್ನವನ್ನು ಬಿಟ್ಟು ಜೈತುನಬಿ ರೇಷ್ಮೆ ಸೀರೆಯಲ್ಲೇ ಬಂದು ಕೆಳಗೆ ಕುಳಿತು ತಮ್ಮ ಕೈಯಾರೆ ಮೊದಲ ಹೋಳಿಗೆ ಬಡಿಸಿದರು. ದೊಡ್ಡಪ್ಪ ಮುತ್ಯಾ ರೊಟ್ಟಿ ಹಾಕಿ, ಬದನೆಕಾಯಿ ಪಲ್ಯ ಹಾಕಿದರು. ಹಸಿರು ಲಂಗದ ಮಿನಾಜ ಅಡುಗೆಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದಳು. ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ.

ನಾಗರತ್ನಾ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟಳು.

ಉಪ್ಪು! ಅಬ್ಬಬ್ಬಾ, ಎಂಥ ಉಪ್ಪು! ನಾಲಗೆ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ‘ಯವ್ವಾ, ಉಪ್ಪಾಗ್ಯಾದ!’ ಎನ್ನಲು ಬಾಯಿ ತೆರೆದೇಬಿಟ್ಟಿದ್ದಳು.

ಅಷ್ಟರಲ್ಲಿ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಿದ್ದ ದೊಡ್ಡಪ್ಪ ಮುತ್ಯಾನ ಮುಖ ಕಂಡಿತು. ಹೊಗೆಗೆ ಅವರ ಎರಡೂ ಕಣ್ಣು ಕೆಂಪಾಗಿದ್ದವು. ಸೌಟು ಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಹ್ಯಾಂಗಾಗ್ಯಾದವ್ವ?” ಎಂದರು. “ಐದುನೂರು ಮಂದಿಗಿ ಮಾಡಿದ ಕೈ ಇದು. ಎರಡು ಮಂದಿಗಿ ಎಂದೂ ಮಾಡಿಲ್ಲ. ಎಷ್ಟು ಹಾಕಬೇಕು, ಎಷ್ಟು ಬಿಡಬೇಕು, ಕೈಗಿ ತಿಳೀವಲ್ದು. ನಸೀಕಿನ್ಯಾಗೇ ಎದ್ದು ಕುಂತೀನಿ ನೋಡು.”

ಆಯಿ ತಲೆ ಎತ್ತದೆ ಉಣ್ಣುತ್ತಿದ್ದಳು. ಜೈತುನಬಿ ಇನ್ನೊಂದು ಹೋಳಿಗೆ ಹಿಡಿದು ಕಾಯುತ್ತಿದ್ದರು. ನಾಗರತ್ನಾ ಒಲೆಯನ್ನು ನೋಡಿದಳು. ಅದರ ಮೇಲಿದ್ದ ಬೋಗಾಣಿ ಎಷ್ಟು ಚಿಕ್ಕದಿತ್ತು! ಇಬ್ಬರಿಗೆ ಸರಿಯಾಗುವಷ್ಟೇ. ಅವಳು ಒಂದು ಮಾತು ಹೇಳಿದ್ದಳು, ಆ ಮಾತಿನ ಅಳತೆಯ ಬೋಗಾಣಿ ಅಲ್ಲಿ ಕುಳಿತಿತ್ತು.

ಬಾಯಲ್ಲಿದ್ದ ತುತ್ತನ್ನು ಅವಳು ನಿಧಾನವಾಗಿ ಅಗಿದು ನುಂಗಿದಳು.

“ಚೊಲೋ ಆಗ್ಯಾದ ಮುತ್ಯಾ,” ಎಂದು ತಾಟು ಮುಂದೆ ಸರಿಸಿದಳು. “ಇನ್ನೀಟು ಪಲ್ಯ ಹಾಕ್ರಿ.”

ದೊಡ್ಡಪ್ಪ ಮುತ್ಯಾನ ಮುಖ ಇಷ್ಟಗಲವಾಯಿತು. ಸೌಟು ತುಂಬ ತುಂಬಿ ಹಾಕಿದರು.

ಬಾಗಿಲಲ್ಲಿ ಬಳೆ ಸದ್ದಾಯಿತು. ಮಿನಾಜ ಬೆಳಗ್ಗೆಯೇ ಆ ಪಲ್ಯದ ರುಚಿ ನೋಡಿದ್ದಳು. ಹಾಗಾಗಿ ನಾಗರತ್ನಾ ಏನು ಹೇಳುತ್ತಾಳೋ ಎಂದು ಇಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಂತಿದ್ದಳು. ಈಗ ಲಂಗ ಎತ್ತಿ ಹಿಡಿದು ಬಂದು ಜಮಖಾನದ ಅಂಚಿನಲ್ಲಿ ಕುಳಿತಳು. ಆಯಿ ಸರಿದು ಜಾಗ ಕೊಟ್ಟಳು.

ಮಿನಾಜ ಏನೂ ಕೇಳದೆ ನಾಗರತ್ನಾಳ ತಾಟಿನಿಂದ ರೊಟ್ಟಿ ಮುರಿದಳು. ಆ ಪಲ್ಯವನ್ನೇ ದೊಡ್ಡದಾಗಿ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣಲ್ಲೂ ನೀರು ಬಂತು.

“ಹ್ಯಾಂಗದ ಬೇ?” ಎಂದಳು ನಾಗರತ್ನಾ.

“ಭಾಳ ಚೊಲೋ ಅದ,” ಎಂದಳು ಮಿನಾಜ, ಮೂಗು ಒರೆಸಿಕೊಳ್ಳುತ್ತಾ. “ಮುತ್ಯಾ, ನನಗೂ ಒಂದು ತಾಟು ಹಾಕ್ರಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದರು. ತಲೆ ತಗ್ಗಿಸಿ, ಪಕ್ಕಕ್ಕೆ ಪಕ್ಕ ಅಂಟಿ ಕುಳಿತು, ಬೋಗಾಣಿ ಬರಿದಾಗುವವರೆಗೆ ಉಂಡರು.